ಘಂಟಾನುರಣನ: ಐರೋಪ್ಯ ಸಾಹಿತ್ಯದಲ್ಲಿ ಮಹಾಘಂಟೆಯ ಶ್ರವಣ

ಒಂದು

೨೦೨೪ನೆಯ ನವೆಂಬರ್ ೮ರ ಬೆಳಗ್ಗೆ ಪ್ಯಾರಿಸ್ ನಗರದ ನೋತ್ರ್ ದಾಮ್ ಕೆಥೆಡ್ರಲಿನ ಉತ್ತರಗೋಪುರದಲ್ಲಿರುವ ಎಂಟು ಗಂಟೆಗಳು ಐದು ವರ್ಷಗಳಿಗೂ ಮೀರಿದ ಮೌನವನ್ನು ಮುರಿದು, ಒಂದರ ಹಿಂದೆ ಒಂದರಂತೆ ದನಿಗೂಡಿ, ಕಡೆಗೆ ಎಲ್ಲವೂ ಒಟ್ಟಾಗಿ ಮೊಳಗಿದುವು. ೨೦೧೯ನೆಯ ಏಪ್ರಿಲ್ ೧೫ರ ಸಂಜೆ ಆ ಮಹಾಮಂದಿರದ ಚಾವಣಿಯನ್ನು ಬೆಂಕಿ ನುಂಗಿದಾಗ ಗೋಪುರಗಳು ಉಳಿದುವು. ಅವುಗಳೊಳಗಿನ ಗಂಟೆಗಳೂ ಉಳಿದುವು. ಉತ್ತರಗೋಪುರದ ಗಂಟೆಗಳನ್ನು ೨೦೨೩ರಲ್ಲಿ ಕೆಳಗಿಳಿಸಿ, ಶುದ್ಧಿಗೊಳಿಸಿ, ಮರುವರ್ಷದ ಸೆಪ್ಟೆಂಬರಿನಲ್ಲಿ ಮರಳಿ ತಂದರು. ಮಂದಿರದ ಬಾಗಿಲು ಜನರಿಗೆ ತೆರೆದದ್ದು ಡಿಸೆಂಬರಿನಲ್ಲಿ. ದಕ್ಷಿಣಗೋಪುರದ ಮಹಾಘಂಟೆ ಎಮ್ಮಾನ್ಯುಯೆಲ್ ಮಾತ್ರ ಈ ನಡುವೆ ಒಮ್ಮೊಮ್ಮೆ ದನಿಗೈದಿತ್ತು. ಬೆಂಕಿಬಿದ್ದು ವರುಷ ತುಂಬಿದ ದಿನ, ೨೦೨೦ರ ಏಪ್ರಿಲ್ ೧೫ರಂದು, ರೋಗಭೀತಿಯಿಂದ ಬೀದಿಗಳು ಬರಿದಾಗಿದ್ದ ಸಂಜೆಯಲ್ಲಿ, ಅದು ಒಂಟಿಯಾಗಿ ಮೊಳಗಿತು.

ಹದಿಮೂರು ಟನ್ನುಗಳ ಈ ಎಮ್ಮಾನ್ಯುಯೆಲ್ ಹದಿನೇಳನೆಯ ಶತಮಾನದ ಎರಕ. ಫ್ರಾನ್ಸಿನ ಮಹಾಕ್ರಾಂತಿಯ ಕಾಲದಲ್ಲಿ ಸಂಗಡಿಗ ಗಂಟೆಗಳೆಲ್ಲ ಕುಲುಮೆಯ ಪಾಲಾದಾಗ ಇದೊಂದು ಉಳಿಯಿತು. ೧೯೪೪ರ ಆಗಸ್ಟ್ ೨೪ರ ರಾತ್ರಿ ಪ್ಯಾರಿಸಿನ ವಿಮೋಚನೆಯನ್ನು ಊರಿಗೆ ತಿಳಿಸಿದ ದನಿಯೂ ಇದರದೇ. ಒಂದೇ ಕಂಚು, ಒಂದೇ ಸ್ವರ. ಆದರೆ ೧೯೪೪ರಲ್ಲಿ ಕೇಳಿದವರು ಕೇಳಿದ್ದು ಒಂದು, ೨೦೨೦ರಲ್ಲಿ ಕೇಳಿದವರು ಕೇಳಿದ್ದು ಮತ್ತೊಂದು. ಗಂಟೆಗೆ ಸಾಹಿತ್ಯವಿಲ್ಲ, ರಾಗವಿಲ್ಲ. ಅದು ಹೇಳುವುದು ಒಂದೇ ಅಕ್ಷರವನ್ನು. ಹಾಗಿದ್ದೂ ಮಹಾಘಂಟೆಯೊಂದರ ಕೆಳಗೆ ನಿಂತವನ ಎದೆ ನಡುಗುವುದೇಕೆ? ಆ ನಡುಕವು ಕಂಚಿನ ತೂಕದ ಫಲವೋ, ಕೇಳುವವನ ಸಂಸ್ಕಾರದ ಫಲವೋ? ಯೂರೋಪಿನ ಬರೆಹಗಾರರು ಈ ಪ್ರಶ್ನೆಯನ್ನು ಮರಳಿ ಮರಳಿ ಎದುರಿಸಿದ್ದಾರೆ. ಅವರಲ್ಲಿ ಮುಖ್ಯರಾದ ಕೆಲವರು ಗಂಟೆಯನ್ನು ನಿಜವಾಗಿ ಕೇಳಿದರೇ, ಇಲ್ಲವೇ ಗಂಟೆಯ ನೆಪದಲ್ಲಿ ತಮ್ಮ ಮಾತನ್ನೇ ಕೇಳಿಕೊಂಡರೇ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಎರಡು

ಈ ಪರಿಶೀಲನೆಗೆ ಬೇಕಾದ ಅಳತೆಗೋಲು ಭಾರತೀಯ ಕಾವ್ಯಮೀಮಾಂಸೆಯಲ್ಲೇ ಸಿದ್ಧವಾಗಿದೆ. ಒಂಬತ್ತನೆಯ ಶತಮಾನದಲ್ಲಿ ಆನಂದವರ್ಧನನು ಕಾವ್ಯದ ಆತ್ಮವು ಧ್ವನಿಯೆಂದು ಪ್ರತಿಪಾದಿಸುವಾಗ, ವಾಚ್ಯಾರ್ಥವು ತಿಳಿದ ಮೇಲೆ ವ್ಯಂಗ್ಯಾರ್ಥವು ಕ್ರಮವಾಗಿ ತೋರುವ ಬಗೆಗೆ ‘ಅನುರಣನ’ವೆಂಬ ಹೋಲಿಕೆಯನ್ನು ಕೊಟ್ಟನು. ಅದನ್ನು ವ್ಯಾಖ್ಯಾನಿಸಿದ ಅಭಿನವಗುಪ್ತನು ಆ ಅನುರಣನ ಗಂಟೆಯದೆಂದು ಬಿಡಿಸಿ ಹೇಳಿದನು. ಶಬ್ದದಿಂದ ಶಬ್ದ ಹುಟ್ಟುತ್ತ ಸಾಗಿ, ಕಡೆಯದಾಗಿ ಹುಟ್ಟಿದ್ದೇ ಕಿವಿಯನ್ನು ಸೇರುತ್ತದೆ ಎಂಬ ಶಾಸ್ತ್ರಕಾರರ ಮತವನ್ನು ಅವನು ಅಲ್ಲಿ ಸ್ಮರಿಸುತ್ತಾನೆ. ಕನ್ನಡದಲ್ಲಿ ಅದೇ ಶತಮಾನದ ಕವಿರಾಜಮಾರ್ಗವು ಧ್ವನಿಯನ್ನು ಒಂದು ಅಲಂಕಾರವೆಂದು ಹೆಸರಿಸಿರುವುದು ವಿದ್ವಾಂಸರಿಗೆ ತಿಳಿದ ವಿಷಯ. ರಸವು ಹೊಳೆಯುವ ಬಗೆಗೆ ಈ ಹೋಲಿಕೆ ಸಲ್ಲದೆಂಬ ಎಚ್ಚರವೂ ಆಲಂಕಾರಿಕರಲ್ಲಿತ್ತು. ರಸಾನುಭವದಲ್ಲಿ ಹಿಂದುಮುಂದಿನ ಕ್ರಮವಿದ್ದರೂ ಅದು ಗೋಚರವಾಗುವುದಿಲ್ಲ. ಅನುರಣನದಲ್ಲಾದರೋ ಮೊದಲು ಹೊಡೆತ, ಆಮೇಲೆ ನಾದ ಎಂಬ ಕ್ರಮ ಸ್ಪಷ್ಟವಾಗಿದೆ.

ಇಲ್ಲಿ ಒಂದು ಶಂಕೆ ಹುಟ್ಟುವುದು ಸಹಜ. ಅನುರಣನವೆಂದರೆ ಹೊಡೆತದ ದನಿಯೇ ಕ್ರಮೇಣ ಕ್ಷೀಣಿಸುವುದಲ್ಲವೆ? ಹಾಗಿದ್ದರೆ ವ್ಯಂಗ್ಯವು ವಾಚ್ಯದ ತೆಳುವಾದ ನೆರಳು ಎಂದಾಗಲಿಲ್ಲವೆ? ಈ ಶಂಕೆಗೆ ಉತ್ತರ ಇಂದು ನಾದವಿಜ್ಞಾನದಿಂದ ದೊರೆಯುತ್ತದೆ. ಯೂರೋಪಿನ ಇಗರ್ಜಿಗಳ ಗಂಟೆ ಸರಿಸುಮಾರು ನೂರಕ್ಕೆ ೭೮ ಪಾಲು ತಾಮ್ರ, ೨೨ ಪಾಲು ತವರದ ಎರಕ. ನಾಲಗೆ ಅದರ ಅಂಚನ್ನು ಹೊಡೆದಾಗ ಏಳುವುದು ಒಂದು ಸ್ವರವಲ್ಲ, ಸ್ವರಗಳ ಒಂದು ಗುಂಪು. ಹದಿನೇಳನೆಯ ಶತಮಾನದಲ್ಲಿ ಯೂಟ್ರೆಕ್ಟ್ ನಗರದ ಗಂಟೆಗಳ ಅಧಿಕಾರಿಯಾಗಿದ್ದ ಯಾಕೊಬ್ ಫಾನ್ ಐಕ್ ಎಂಬ ಕುರುಡ ಸಂಗೀತಗಾರನು ಗಂಟೆಯ ಹತ್ತಿರ ನಿಂತು ಸಿಳ್ಳುಹಾಕಿ, ಯಾವ ಯಾವ ಸ್ವರಕ್ಕೆ ಕಂಚು ಮರುದನಿ ಕೊಡುತ್ತದೆಂಬುದನ್ನು ಬೇರೆಬೇರೆಯಾಗಿ ಗುರುತಿಸಿದನು. ಅವನ ನೆರವಿನಿಂದ ಹೆಮೊನಿ ಸಹೋದರರು ೧೬೪೪ರಲ್ಲಿ ಜುಟ್ಫೆನ್ ಎಂಬ ಊರಿಗೆ ಸ್ವರಶುದ್ಧಿಯುಳ್ಳ ಗಂಟೆಗಳ ಮೊದಲ ಸಮೂಹವನ್ನು ಎರಕಹೊಯ್ದರು. ಆ ಸ್ವರಗಳ ಗುಂಪಿನಲ್ಲಿ ಕರ್ನಾಟಕ ಸಂಗೀತದವರು ಸಾಧಾರಣ ಗಾಂಧಾರವೆಂದೂ ಹಿಂದೂಸ್ತಾನಿಯವರು ಕೋಮಲ ಗಾಂಧಾರವೆಂದೂ ಕರೆಯುವ ಸ್ವರ ಪ್ರಬಲವಾಗಿದೆ. ಉತ್ಸವದ ಗಂಟೆಯಲ್ಲೂ ಒಂದು ವಿಷಾದದ ಎಳೆ ಕೇಳಿಬರುವುದಕ್ಕೆ ಇದು ಕಾರಣ.

ಇದಕ್ಕಿಂತಲೂ ವಿಸ್ಮಯದ ಸಂಗತಿ ಇನ್ನೊಂದುಂಟು. ಹೊಡೆದ ಕೂಡಲೆ ಕಿವಿಯು ಯಾವುದನ್ನು ಗಂಟೆಯ ಸ್ವರವೆಂದು ಹಿಡಿಯುತ್ತದೆಯೋ ಆ ಸ್ವರವನ್ನು ಕಂಚಿನ ಕಂಪನದಲ್ಲಿ ಹುಡುಕಿದರೆ ಹಲವು ಗಂಟೆಗಳಲ್ಲಿ ಅದು ಸಿಕ್ಕುವುದೇ ಇಲ್ಲ! ೧೮೯೦ರಲ್ಲಿ ಲಾರ್ಡ್ ರೇಲಿ ಈ ವೈಚಿತ್ರ್ಯವನ್ನು ಪರೀಕ್ಷಿಸಿ ಬರೆದನು. ಗಂಟೆಯ ಮೇಲಣ ಕಂಪನಗಳಲ್ಲಿ ಮೂರು, ಸುಮಾರಾಗಿ ಎರಡು, ಮೂರು, ನಾಲ್ಕು ಎಂಬ ಅನುಪಾತದಲ್ಲಿರುತ್ತವೆ. ಸೆಕೆಂಡಿಗೆ ೮೦೦, ೧,೨೦೦, ೧,೬೦೦ ಕಂಪನಗಳು ಒಟ್ಟಿಗೆ ಬಂದರೆ ಕಿವಿಯು ಅವಕ್ಕೆಲ್ಲ ಮೂಲವಾದ ೪೦೦ನ್ನು ತಾನೇ ಕಲ್ಪಿಸಿಕೊಂಡು ಕೇಳುತ್ತದೆ. ಅರ್ಥಾತ್, ಗಂಟೆಯ ಮುಖ್ಯಸ್ವರವು ಕೇಳುಗನ ಸೃಷ್ಟಿ. ಇನ್ನು ಹೊಡೆತದ ಸದ್ದೆಲ್ಲ ಅಡಗಿದ ಮೇಲೆ ಬಹುಕಾಲ ಉಳಿಯುವ ಝೇಂಕಾರವಾದರೋ ಆ ಮುಖ್ಯಸ್ವರದ ಕ್ಷೀಣರೂಪವಲ್ಲ. ಅದಕ್ಕೂ ಒಂದು ಸ್ಥಾಯಿ ಕೆಳಗಿನ, ಮೊದಲಿನಿಂದಲೂ ತಳದಲ್ಲಿ ಅಡಗಿದ್ದ ಬೇರೊಂದು ಸ್ವರ. ಆನಂದವರ್ಧನನ ಹೋಲಿಕೆ ಇಷ್ಟು ನಿಖರವೆಂದು ಅವನೂ ಎಣಿಸಿರಲಾರನು. ಅನುರಣನವು ಹೊಡೆತದ ನೆರಳಲ್ಲ. ಹೊಡೆತವು ಅಡಗಿದ ಮೇಲಷ್ಟೆ ಕೇಳಿಬರುವ, ಅದಕ್ಕಿಂತ ಆಳವಾದ ಇನ್ನೊಂದು ದನಿ. ಆ ದನಿಯನ್ನು ಪಡೆಯಲು ಗಂಟೆಯಷ್ಟೇ ಸಾಲದು, ಸಹೃದಯನೂ ಬೇಕು.

ಮೂರು

ಈ ಅಳತೆಗೋಲನ್ನು ಹಿಡಿದು ನೋಡಿದರೆ, ಗಂಟೆಯನ್ನು ಕುರಿತ ಕಾವ್ಯಗಳಲ್ಲಿ ಅತ್ಯಂತ ಖ್ಯಾತವಾದ ಷಿಲ್ಲರನ ‘ಗಂಟೆಯ ಗೀತೆ’ ಮೊದಲ ಪರೀಕ್ಷೆಯಲ್ಲೇ ತಡವರಿಸುತ್ತದೆ. ೧೭೯೯ರಲ್ಲಿ ಪ್ರಕಟವಾದ ಈ ದೀರ್ಘಕವನವನ್ನು ಜರ್ಮನ್ ಮಕ್ಕಳು ಹಲವು ತಲೆಮಾರುಗಳ ಕಾಲ ಕಂಠಪಾಠ ಮಾಡಿದ್ದಾರೆ. ಕವಿಯು ಕಾವ್ಯದ ಶಿರೋಭಾಗದಲ್ಲಿಟ್ಟಿರುವುದು ಷಾಫ್‌ಹೌಸನ್ ಊರಿನ ಒಂದು ಹಳೆಯ ಗಂಟೆಯ ಮೇಲಿನ ಲ್ಯಾಟಿನ್ ಬರೆಹ. ಬದುಕಿದವರನ್ನು ಕರೆಯುವುದು, ಸತ್ತವರಿಗಾಗಿ ಅಳುವುದು, ಸಿಡಿಲನ್ನು ಮುರಿಯುವುದು ಎಂಬ ಮೂರು ಕೆಲಸಗಳನ್ನು ಗಂಟೆ ಅಲ್ಲಿ ತನ್ನವೆಂದು ಹೇಳಿಕೊಳ್ಳುತ್ತದೆ. ಕಂಚುಗಾರರ ಯಜಮಾನನು ಎರಕದ ಒಂದೊಂದು ಹಂತವನ್ನು ನಡೆಸುತ್ತಾನೆ. ಒಂದೊಂದು ಹಂತದ ನೆಪದಲ್ಲಿ ಕವಿಯು ಹುಟ್ಟು, ಮದುವೆ, ಬೆಂಕಿ, ಸಾವು, ಪ್ರಜಾಕ್ಷೋಭೆಗಳನ್ನು ಕುರಿತು ಚಿಂತಿಸುತ್ತಾನೆ. ರಚನೆಯ ಕೌಶಲ ನಿರ್ವಿವಾದವಾದುದು; ಕುಲುಮೆಯ ಕೆಲಸವನ್ನು ಇಷ್ಟು ಗೌರವದಿಂದ ಕಂಡ ಕವಿಗಳು ವಿರಳ. ಆದರೆ ಇಡೀ ಕಾವ್ಯದಲ್ಲಿ ಗಂಟೆ ನಿಜವಾಗಿ ಮೊಳಗುವುದೇ ಇಲ್ಲ. ಕೊನೆಯ ಸಾಲುಗಳಲ್ಲಿ ಅದು ಹಳ್ಳದಿಂದ ಮೇಲೇಳುತ್ತದೆ, ಅದರ ಮೊದಲ ದನಿ ಶಾಂತಿಯದಾಗಲೆಂದು ಕವಿ ಹರಸುತ್ತಾನೆ, ಅಲ್ಲಿಗೆ ಮುಗಿಯಿತು. ಗಂಟೆಯ ಅರ್ಥವೇನೆಂಬುದನ್ನು ಅದು ಬಾಯಿಬಿಡುವ ಮೊದಲೇ ಕವಿಯು ಹೇಳಿಬಿಟ್ಟಿರುವುದರಿಂದ ಅನುರಣನಕ್ಕೆ ಎಡೆಯೇ ಇಲ್ಲ. ಯೇನಾ ನಗರದ ರಮ್ಯಪಂಥದ ಕಿರಿಯರು ಈ ಕವನವನ್ನು ಓದಿ ನಕ್ಕರೆಂಬುದು ಪ್ರಸಿದ್ಧ. ನಗು ಅತಿಯಾಯಿತು, ಆದರೆ ಕಾರಣವಿಲ್ಲದ ನಗುವಲ್ಲ. ಅಲ್ಲಿ ಎಲ್ಲವೂ ವಾಚ್ಯ.

ವಿಕ್ತೊರ್ ಹ್ಯೂಗೊ ೧೮೩೧ರಲ್ಲಿ ಪ್ರಕಟಿಸಿದ ‘ನೋತ್ರ್ ದಾಮ್ ದ ಪಾರಿ’ ಕಾದಂಬರಿಯ ದಾರಿಯೇ ಬೇರೆ. ೧೪೮೨ರ ಪ್ಯಾರಿಸನ್ನು ಎತ್ತರದಿಂದ ವರ್ಣಿಸುವ ದೀರ್ಘ ಅಧ್ಯಾಯದ ಕೊನೆಯಲ್ಲಿ ಹ್ಯೂಗೊ ಒಮ್ಮೆಗೇ ಕಣ್ಣನ್ನು ಮುಚ್ಚಿಸಿ ಕಿವಿಯನ್ನು ತೆರೆಸುತ್ತಾನೆ. ದೊಡ್ಡ ಹಬ್ಬದ ದಿನ ಸೂರ್ಯೋದಯದ ವೇಳೆಗೆ ಊರ ಗಂಟೆಗಳೆಲ್ಲ ಎಚ್ಚೆತ್ತಾಗ ಮೊದಲು ಅಲ್ಲೊಂದು ಇಲ್ಲೊಂದು ದನಿ. ಆಮೇಲೆ ಒಂದೊಂದು ಗೋಪುರದಿಂದ ಬೇರೆಬೇರೆಯಾಗಿ ಏಳುವ ನಾದದ ಕಂಬಗಳು. ಕ್ರಮೇಣ ಅವು ಒಂದರೊಳಗೊಂದು ಬೆರೆತು ಸಮುದ್ರವಾಗುತ್ತವೆ. ಇಲ್ಲಿ ಉಪದೇಶವಿಲ್ಲ. ಗಂಟೆಯ ಅರ್ಥವೇನೆಂದು ಲೇಖಕನು ಹೇಳುವುದಿಲ್ಲ. ಕೇಳುವ ಕ್ರಮವನ್ನು ಮಾತ್ರ ತೋರಿಸುತ್ತಾನೆ.

ಕಾದಂಬರಿಯ ನಿಜವಾದ ಸಾಹಸವಿರುವುದು ಕ್ವಾಸಿಮೋದೊ ಎಂಬ ಪಾತ್ರದಲ್ಲಿ. ಆ ಕುರೂಪಿ ತರುಣನು ಗಂಟೆಗಳನ್ನು ಬಾರಿಸುವವನು. ಹದಿನಾಲ್ಕನೆಯ ವಯಸ್ಸಿಗೇ ಆ ಗಂಟೆಗಳೇ ಅವನನ್ನು ಕಿವುಡನನ್ನಾಗಿ ಮಾಡಿವೆ. ಲೋಕದ ದನಿಗಳೆಲ್ಲ ಅವನ ಪಾಲಿಗೆ ಸತ್ತುಹೋಗಿ, ಅವನನ್ನು ಕಿವುಡನ್ನಾಗಿಸಿದ ದನಿಯೊಂದೇ ಅವನಿಗೆ ಇನ್ನೂ ಕೇಳಿಸುತ್ತದೆ. ‘ಮರೀ’ ಎಂಬ ಮಹಾಘಂಟೆಯನ್ನು ಅವನು ಮೈದಡವಿ, ಮಾತನಾಡಿಸಿ, ಅದರ ಮೇಲೇರಿ ತೂಗುತ್ತಾನೆ. ಹೊರನೋಟಕ್ಕೆ ಇದು ರಮ್ಯಪಂಥದ ಉತ್ಪ್ರೇಕ್ಷೆ. ಆದರೆ ಮಹಾಘಂಟೆಯ ಸಮೀಪದಲ್ಲಿ ನಿಂತವನು ಕಿವಿಯಿಂದ ಮಾತ್ರ ಕೇಳುವುದಿಲ್ಲ, ಪಾದದಿಂದ, ಪಕ್ಕೆಲುಬಿನಿಂದ ಕೇಳುತ್ತಾನೆಂಬ ದೇಹಸತ್ಯ ಅದರ ಒಳಗಿದೆ.

ಇದೇ ಕಾದಂಬರಿಯಲ್ಲಿ ವಿಮರ್ಶಕರು ಅಷ್ಟಾಗಿ ಗಮನಿಸದ ಒಂದು ಚಿಕ್ಕ ಪ್ರಸಂಗವುಂಟು. ಚೌಕದಲ್ಲಿ ಅವಮಾನಕ್ಕೀಡಾದ ದಿನದಿಂದ ಕ್ವಾಸಿಮೋದೊವಿಗೆ ಗಂಟೆಗಳಲ್ಲಿ ಆಸಕ್ತಿ ತಗ್ಗುತ್ತದೆ. ಸುತ್ತಲಿನವರು ಅದನ್ನು ಗುರುತಿಸುತ್ತಾರೆ. ಮಾರ್ಚ್ ತಿಂಗಳ ಒಂದು ಹಬ್ಬದಂದು ಅವನು ಮತ್ತೆ ಉತ್ಸಾಹದಿಂದ ಬಾರಿಸತೊಡಗುತ್ತಾನೆ. ಅಷ್ಟರಲ್ಲಿ ಕೆಳಗಿನ ಚೌಕದಲ್ಲಿ ಕುಣಿಯಲು ಬಂದ ಎಸ್ಮೆರಾಲ್ದಾ ಅವನ ಕಣ್ಣಿಗೆ ಬೀಳುತ್ತಾಳೆ, ಹಗ್ಗ ಕೈಜಾರುತ್ತದೆ, ನಾದ ನಡುವೆಯೇ ನಿಲ್ಲುತ್ತದೆ. ಸೇತುವೆಯ ಮೇಲೆ ನಿಂತು ತನ್ಮಯರಾಗಿ ಕೇಳುತ್ತಿದ್ದ ಜನ ಪೆಚ್ಚಾಗಿ ಚದರುತ್ತಾರೆ. ಗೋಪುರದ ಮೇಲಿನ ಒಬ್ಬನ ಮನಸ್ಸು ಅಲುಗಿದುದನ್ನು ಕೆಳಗಿನ ಸಾವಿರ ಕಿವಿಗಳು ಕಾರಣವರಿಯದೆಯೇ ಕೇಳಿದುವು. ಅರ್ಥವು ಶಬ್ದದಲ್ಲಿ ಮಾತ್ರವಲ್ಲ, ಶಬ್ದವು ನಿಂತುಹೋಗುವುದರಲ್ಲಿಯೂ ಉಂಟೆಂಬುದನ್ನು ಹ್ಯೂಗೊ ಇಲ್ಲಿ ತೋರಿಸಿದ್ದಾನೆ. ವರ್ಣನೆಯ ವೈಭವಕ್ಕಿಂತ ಈ ಮೌನವು ಹೆಚ್ಚು ಧ್ವನಿಪೂರ್ಣವಾಗಿದೆ.

ನಾಲ್ಕು

ಆದರೆ ಘಂಟಾಶ್ರವಣದ ಮರ್ಮವನ್ನು ತಲಪಿದ ಬರೆಹ ಇವೆರಡಕ್ಕಿಂತಲೂ ಹಳೆಯದು, ಗಾತ್ರದಲ್ಲಿಯೂ ಚಿಕ್ಕದು. ಇಂಗ್ಲಿಷ್ ಕವಿ ಜಾನ್ ಡನ್ ೧೬೨೧ರಲ್ಲಿ ಲಂಡನ್ನಿನ ಸೇಂಟ್ ಪಾಲ್ ಕೆಥೆಡ್ರಲಿನ ಡೀನ್ ಆದವನು. ೧೬೨೩ರ ಚಳಿಗಾಲದಲ್ಲಿ ವಿಷಮಜ್ವರದಿಂದ ಹಾಸಿಗೆಹಿಡಿದು, ಸಾವನ್ನು ಎದುರುನೋಡುತ್ತಲೇ ರೋಗದ ಒಂದೊಂದು ಹಂತಕ್ಕೂ ಒಂದೊಂದು ಚಿಂತನೆ, ವಾದ, ಪ್ರಾರ್ಥನೆಗಳನ್ನು ಬರೆದನು. ಮರುವರ್ಷ ಅದು ಪುಸ್ತಕವಾಯಿತು. ಅದರ ಹದಿನಾರು, ಹದಿನೇಳು, ಹದಿನೆಂಟನೆಯ ಅಧ್ಯಾಯಗಳು ಪಕ್ಕದ ಇಗರ್ಜಿಯ ಗಂಟೆಯನ್ನು ಕುರಿತವು. ಹದಿನೇಳನೆಯದರ ಒಂದು ನುಡಿಗಟ್ಟನ್ನು ಹೆಮಿಂಗ್ವೆ ತನ್ನ ೧೯೪೦ರ ಕಾದಂಬರಿಗೆ ಹೆಸರಾಗಿಟ್ಟ ಮೇಲೆ ಅದನ್ನು ಓದದವರೂ ಉದಾಹರಿಸತೊಡಗಿದರು. ಉದಾಹರಣೆಯ ಬಳಕೆ ಹೆಚ್ಚಿದಷ್ಟೂ ಮೂಲದ ಕ್ರಮ ಮರೆಯಾಯಿತು. ಆ ಕ್ರಮವೇ ಇಲ್ಲಿ ಮುಖ್ಯ.

ಹದಿನಾರನೆಯದರಲ್ಲಿ ಡನ್ ಬೇರೆಯವರ ಸಾವಿನ ಗಂಟೆಗಳನ್ನು ದಿನವೂ ಕೇಳುತ್ತ ತನ್ನ ಸಾವನ್ನು ನೆನೆಯುತ್ತಾನೆ. ಹದಿನೇಳರಲ್ಲಿ ಯಾರಿಗಾಗಿಯೋ ಮೆಲ್ಲನೆ ಹೊಡೆಯುತ್ತಿರುವ ಗಂಟೆ ‘ನೀನು ಸಾಯುವವನು’ ಎಂದಂತೆ ಅವನಿಗೆ ಕೇಳುತ್ತದೆ. ಹದಿನೆಂಟರಲ್ಲಿ ಗಂಟೆಯ ರೀತಿ ಬದಲಾಗುತ್ತದೆ, ನೆರೆಯವನು ತೀರಿಕೊಂಡಿದ್ದಾನೆ. ಅವನಲ್ಲಿ ತಾನೂ ಸತ್ತಂತೆ ಡನ್‌ಗೆ ತೋರುತ್ತದೆ. ವಾಚ್ಯಾರ್ಥ ಒಂದೇ: ನೆರೆಯಲ್ಲಿ ಒಬ್ಬನಿಗೆ ಸಾವು ಬಂದಿದೆ. ಅದು ಅಡಗುತ್ತ ಅಡಗುತ್ತ ತಳದ ಸ್ವರ ಮೇಲೇಳುತ್ತದೆ: ಆ ಒಬ್ಬನು ನಾನಲ್ಲದವನಲ್ಲ. ಅನುರಣನರೂಪದ ಧ್ವನಿಗೆ ಇದಕ್ಕಿಂತ ಶುದ್ಧವಾದ ಗದ್ಯದ ಉದಾಹರಣೆ ಸಿಗುವುದು ಕಷ್ಟ.

ಹದಿನಾರನೆಯ ಅಧ್ಯಾಯದಲ್ಲಿಯೇ ಡನ್ ಇನ್ನೊಂದು ಮಾತನ್ನು ಹಾದುಹೋಗುವಂತೆ ಹೇಳಿದ್ದಾನೆ. ಮೂವತ್ತಕ್ಕೂ ಹೆಚ್ಚು ಗಂಟೆಗಳಿರುವ ಆಂಟ್ವರ್ಪಿನ ಗೋಪುರದ ಬಳಿಯಲ್ಲಿ ಅವನು ಹಿಂದೊಮ್ಮೆ ತಂಗಿದ್ದನು. ನಾಲಗೆಯೊಂದೇ ಆರುನೂರು ಪೌಂಡಿಗೂ ಮಿಕ್ಕ ತೂಕವಿತ್ತೆಂದು ಜನ ಹೇಳುತ್ತಿದ್ದ ರುವಾನಿನ ಮಹಾಘಂಟೆಯ ಹತ್ತಿರವೂ ತಂಗಿದ್ದನು. ಆದರೂ ಈ ನೆರೆಯ ಗಂಟೆಯಂತೆ ಅವು ಯಾವುವೂ ಅವನ ಮನಸ್ಸನ್ನು ತಟ್ಟಲಿಲ್ಲವಂತೆ. ಯೂರೋಪಿನ ಎರಡು ಮಹಾಮಂದಿರಗಳ ವೈಭವವನ್ನು ಕೇಳಿದ ಕಿವಿ ಲಂಡನ್ನಿನ ಒಂದು ಸಾಮಾನ್ಯ ಗಂಟೆಗೆ ಸೋತುದೇಕೆ? ಆಂಟ್ವರ್ಪಿನಲ್ಲಿ ಅವನು ಪ್ರಯಾಣಿಕ, ಇಲ್ಲಿ ನೆರೆಯವನು. ಅಲ್ಲಿ ಯಾರಿಗಾಗಿ ಹೊಡೆಯುತ್ತಿದೆಯೆಂಬುದು ಅವನಿಗೆ ಬೇಕಾಗಿರಲಿಲ್ಲ. ಗಂಟೆಯ ಹಿರಿಮೆ ಟನ್ನುಗಳ ಲೆಕ್ಕದ್ದಲ್ಲ, ಕೇಳುಗನಿಗೂ ಗೋಪುರಕ್ಕೂ ಇರುವ ಸಂಬಂಧದ್ದು ಎಂಬ ಸಿದ್ಧಾಂತ ಅಲ್ಲಿಯೇ ಸಾಬೀತಾಯಿತು.

ಐದು

ಆ ಸಂಬಂಧ ಒಬ್ಬನದಲ್ಲ, ಸಮುದಾಯದ್ದು. ಡಚ್ ಇತಿಹಾಸಕಾರ ಹೈಜಿಂಗಾ ೧೯೧೯ರಲ್ಲಿ ಪ್ರಕಟಿಸಿದ ಮಧ್ಯಯುಗದ ಅವಸಾನವನ್ನು ಕುರಿತ ಗ್ರಂಥದ ಮೊದಲ ಅಧ್ಯಾಯದಲ್ಲಿ, ಊರಿನ ಗದ್ದಲವೆಲ್ಲದರ ಮೇಲೆ ಏಳುತ್ತಿದ್ದ ದನಿ ಗಂಟೆಯದೊಂದೇ ಎಂಬುದನ್ನು ನೆನಪಿಸುತ್ತಾನೆ. ಅಂದಿನವರಿಗೆ ಪ್ರತಿಯೊಂದು ಗಂಟೆಯ ಹೆಸರೂ ಸ್ವಭಾವವೂ ಗೊತ್ತಿತ್ತು. ಫ್ರೆಂಚ್ ಇತಿಹಾಸಕಾರ ಅಲೆನ್ ಕೊರ್ಬೆನ್ ೧೯೯೪ರ ತನ್ನ ಗ್ರಂಥದಲ್ಲಿ ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಹಳ್ಳಿಗಳ ಗಂಟೆಗಳನ್ನು ದಾಖಲೆಗಳಿಂದ ಶೋಧಿಸಿ, ಗಂಟೆ ಕೇಳುವಷ್ಟು ದೂರವೇ ಊರಿನ ಎಲ್ಲೆಯಾಗಿತ್ತೆಂದೂ, ಅದನ್ನು ಬಾರಿಸುವ ಅಧಿಕಾರಕ್ಕಾಗಿ ಪಾದ್ರಿಗೂ ಪೌರಾಧ್ಯಕ್ಷನಿಗೂ ವ್ಯಾಜ್ಯಗಳು ನಡೆದುವೆಂದೂ ತೋರಿಸಿದ್ದಾನೆ. ಸಂಬಂಧವಿಲ್ಲದ ವಸ್ತುವಿಗಾಗಿ ಯಾರೂ ಜಗಳವಾಡುವುದಿಲ್ಲ.

ಆ ಸಂಬಂಧವನ್ನು ಕಡಿಯಬಯಸಿದವರೂ ಗಂಟೆಯ ಮೇಲೆಯೇ ಕೈಹಾಕಿದರು. ಫ್ರೆಂಚ್ ಕ್ರಾಂತಿಯ ಸರಕಾರ ೧೭೯೩ರಲ್ಲಿ ಇಗರ್ಜಿಗೆ ಒಂದೇ ಗಂಟೆ ಸಾಕೆಂದು ಶಾಸನ ಮಾಡಿತು, ಉಳಿದವು ಫಿರಂಗಿಗಳಾದುವು. ಅದಕ್ಕೆ ಮೊದಲೇ ಗಂಟೆಯ ಕಂಚಿನಿಂದ ಚಿಲ್ಲರೆ ನಾಣ್ಯಗಳನ್ನೂ ಅಚ್ಚುಹಾಕಿದ್ದರು. ಕಂಚು ಅದೇ. ಆದರೆ ನಾಣ್ಯಕ್ಕಿರುವುದು ಮುಖಬೆಲೆಯೊಂದೇ, ಅದು ಕೈಯಿಂದ ಕೈಗೆ ಸಾಗುವಾಗ ಏನನ್ನೂ ನೆನಪಿಟ್ಟುಕೊಳ್ಳುವುದಿಲ್ಲ. ವಾಚ್ಯಮಾತ್ರವಾದ ಭಾಷೆಗೆ ಅದು ಸರಿಯಾದ ಪ್ರತಿಮೆ. ಜರ್ಮನಿಯ ಕೊಲೋನ್ ಕೆಥೆಡ್ರಲಿನ ಕಥೆ ಇನ್ನೂ ವಿಪರೀತ. ಫ್ರೆಂಚರಿಂದ ಗೆದ್ದ ಫಿರಂಗಿಗಳನ್ನು ಕರಗಿಸಿ ೧೮೭೪ರಲ್ಲಿ ಎರಕಹೊಯ್ದ ಸುಮಾರು ೨೭ ಟನ್ನುಗಳ ‘ಕೈಸರನ ಗಂಟೆ’ಯನ್ನು ೧೯೧೮ರಲ್ಲಿ ಯುದ್ಧಸಾಮಗ್ರಿಗಾಗಿ ಮತ್ತೆ ಕರಗಿಸಿದರು, ಅದರ ಸ್ಥಾನಕ್ಕೆ ೨೪ ಟನ್ನುಗಳ ಸಂತ ಪೀಟರನ ಗಂಟೆ ಬಂದದ್ದು ೧೯೨೩ರಲ್ಲಿ. ಎರಡನೆಯ ಮಹಾಯುದ್ಧದಲ್ಲಿ ನಾತ್ಸಿ ಆಡಳಿತವು ಯೂರೋಪಿನ ಉದ್ದಗಲಕ್ಕೂ ಇಳಿಸಿದ ಗಂಟೆಗಳು ಸುಮಾರು ೧,೭೫,೦೦೦. ನಾಶವಾದವು ಸುಮಾರು ೧,೫೦,೦೦೦. ಒಂದೊಂದು ಗಂಟೆಯೊಡನೆ ಒಂದೊಂದು ಊರು ತನ್ನ ದನಿಯನ್ನು ಕಳೆದುಕೊಂಡಿತು.

ಇಲ್ಲಿ ಪ್ರತಿವಾದಿಯ ಮಾತನ್ನೂ ಆಲಿಸಬೇಕು. ಗಂಟೆಯ ಹಿರಿಮೆ ಸಮುದಾಯದ ಸಂಬಂಧದಿಂದ ಬಂದದ್ದೇ ಆದರೆ, ಆ ಮತಕ್ಕೂ ಆ ಊರಿಗೂ ಸೇರದವನು ಅದರ ಕೆಳಗೆ ನಿಂತು ಪುಲಕಿತನಾಗುವುದು ಸುಳ್ಳೆ? ನೋತ್ರ್ ದಾಮಿನ ಮುಂದೆ ನಿಲ್ಲುವವರಲ್ಲಿ ಪ್ಯಾರಿಸಿನವರಲ್ಲದವರು, ಕ್ರೈಸ್ತರಲ್ಲದವರು ಅಸಂಖ್ಯರು. ಈ ಆಕ್ಷೇಪಣೆಗೆ ಅತ್ಯಂತ ಗಂಭೀರವಾದ ಉತ್ತರ ಸಂಗೀತಕೃತಿಯೊಂದರಿಂದ ಬಂದಿದೆ. ಇಂಗ್ಲೆಂಡಿನ ಜೊನಾಥನ್ ಹಾರ್ವೆ ೧೯೮೦ರಲ್ಲಿ ಪ್ಯಾರಿಸಿನ ಇರ್ಕಾಂ ಸಂಸ್ಥೆಯಲ್ಲಿ ಗಣಕಯಂತ್ರದ ನೆರವಿನಿಂದ ರಚಿಸಿದ ಈ ಕೃತಿಗೆ ಆಧಾರವಾದ ದನಿಗಳು ಎರಡೇ: ವಿಂಚೆಸ್ಟರ್ ಕೆಥೆಡ್ರಲಿನ ದೊಡ್ಡ ಗಂಟೆ, ಅಲ್ಲಿನ ಗಾಯಕಮಂಡಲಿಯಲ್ಲಿದ್ದ ಅವನ ಮಗನ ಕಂಠ. ಗಂಟೆಯ ಮುಖ್ಯವಾದ ಎಂಟು ಸ್ವರಗಳಿಗೆ ಒಂದೊಂದರಂತೆ ಕೃತಿಯಲ್ಲಿ ಎಂಟು ಭಾಗಗಳು. ಅದರ ಲ್ಯಾಟಿನ್ ಶೀರ್ಷಿಕೆ ಆ ಗಂಟೆಯ ಮೇಲಣ ಬರೆಹದಿಂದ ಬಂದುದು. ಷಿಲ್ಲರನು ಕಾವ್ಯಶಿರದಲ್ಲಿಟ್ಟ ಮೂರು ಮಾತುಗಳಲ್ಲಿ ಎರಡು ಅದರಲ್ಲಿವೆ. ಕೇಳುವ ಸಭಾಂಗಣದ ಗೋಡೆಗಳೇ ಗಂಟೆಯ ಪಾರ್ಶ್ವಗಳೆಂದು ಹಾರ್ವೆಯ ಭಾವನೆ; ಬಾಲಕನ ದನಿ ಅದರೊಳಗೆ ಹಕ್ಕಿಯಂತೆ ಹಾರಾಡುತ್ತದೆ. ಷಿಲ್ಲರನು ಗಂಟೆಯ ಹೊರಗೆ ನಿಂತು ಉಪದೇಶಿಸಿದರೆ ಹಾರ್ವೆ ಕೇಳುಗನನ್ನು ಗಂಟೆಯ ಒಳಗೇ ಕೂರಿಸಿದ್ದಾನೆ. ಅಲ್ಲಿ ಊರಿಲ್ಲ, ಹಬ್ಬವಿಲ್ಲ, ಸಾವಿನ ಸುದ್ದಿಯಿಲ್ಲ. ನಾದವೇ ನಾದಕ್ಕೆ ಅರ್ಥ.

ಕೃತಿಯ ಸೌಂದರ್ಯ ಅಸಂದಿಗ್ಧವಾದುದು. ಆದರೂ ಅದು ಹೃದಯವನ್ನು ಮುಟ್ಟುವುದು ಕಂಚಿನ ಸ್ವರಗಳ ವಿಶ್ಲೇಷಣೆಯಿಂದ ಮಾತ್ರವೆ? ಸತ್ತವರಿಗಾಗಿ ಅಳುವ ಕಂಚಿನ ಎದುರು ಬದುಕಿರುವ ಮಗುವಿನ ಕಂಠವನ್ನು ತಂದೆಯೊಬ್ಬನು ಇಟ್ಟಿದ್ದಾನೆಂಬ ಅರಿವೇ ಅದರ ತಳದ ಸ್ವರ. ಊರಿನ ಸಂಬಂಧವನ್ನು ಕಳಚಿದಾಗ ಹಾರ್ವೆ ಅದರ ಸ್ಥಾನದಲ್ಲಿ ಇನ್ನೂ ಹತ್ತಿರದ ಸಂಬಂಧವೊಂದನ್ನು ಇಡಬೇಕಾಯಿತು. ಹೊರಗಿನವನ ಪುಲಕ ಸುಳ್ಳಲ್ಲ. ಆದರೆ ಅದು ಹೊಡೆತದ ಪುಲಕ. ಅನುರಣನಕ್ಕಾಗಿ ಅವನೂ ತನ್ನದೊಂದು ಸಂಬಂಧವನ್ನು ಜೊತೆಗೆ ತರಲೇಬೇಕು.

ಆರು

ಹಾಗಾದರೆ ಗೋಪುರವನ್ನೇ ಬಿಟ್ಟು ಬೇರೆ ನಾಡಿಗೆ ಹೋದ ಗಂಟೆಗಳ ಗತಿಯೇನು? ರಷ್ಯದ ಉಗ್ಲಿಚ್ ಊರಿನಲ್ಲಿ ೧೫೯೧ರಲ್ಲಿ ರಾಜಕುಮಾರ ದ್ಮಿತ್ರಿ ಸತ್ತಾಗ ಜನರನ್ನು ಕೂಗಿ ಕರೆದ ಗಂಟೆಗೆ, ಅನಂತರದ ದಂಗೆಗಾಗಿ, ನಾಲಗೆ ಕೀಳಿಸಿ ಸೈಬೀರಿಯದ ತೊಬೊಲ್ಸ್ಕಿಗೆ ಗಡೀಪಾರು ಮಾಡಿದರು. ಅದು ಹಿಂದಿರುಗಿದ್ದು ೧೮೯೨ರಲ್ಲಿ. ಮೂರು ಶತಮಾನಗಳ ಕಾಲ ಉಗ್ಲಿಚಿನವರು ಅದನ್ನು ಮರೆಯಲಿಲ್ಲ. ಮಾಸ್ಕೋದ ದಾನಿಲೋವ್ ಮಠದ ಗಂಟೆಗಳನ್ನು ಕುಲುಮೆಗೆ ಹಾಕುವ ಹೊತ್ತಿಗೆ, ೧೯೩೦ರಲ್ಲಿ, ಅಮೆರಿಕದ ಚಾರ್ಲ್ಸ್ ಕ್ರೇನ್ ಕೊಂಡು ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಕೊಟ್ಟನು. ೨೦೦೮ರಲ್ಲಿ ಅವು ತೌರಿಗೆ ಮರಳಿದುವು.

ಮರಳದ ಗಂಟೆಗಳೂ ಉಂಟು, ಅವು ಮುಂಬಯಿಗೆ ದೂರದಲ್ಲಿಲ್ಲ. ೧೭೩೯ರಲ್ಲಿ ಚಿಮಾಜಿ ಅಪ್ಪನು ಪೋರ್ಚುಗೀಸರಿಂದ ವಸಯಿ ಕೋಟೆಯನ್ನು ಗೆದ್ದಾಗ ಅಲ್ಲಿನ ಇಗರ್ಜಿಗಳ ಗಂಟೆಗಳು ಮರಾಠ ಸರದಾರರ ಕೈಸೇರಿ, ದೇವಾಲಯಗಳಿಗೆ ಹೋದುವು. ನಾಸಿಕದಲ್ಲಿ ಗೋದಾವರಿಯ ದಡದ ನಾರೋಶಂಕರ ದೇವಾಲಯದಲ್ಲಿಯೂ ಭೀಮಾಶಂಕರದಲ್ಲಿ ಜ್ಯೋತಿರ್ಲಿಂಗದ ಸನ್ನಿಧಿಯಲ್ಲಿಯೂ ಇಂಥ ಗಂಟೆಗಳನ್ನು ಇಂದಿಗೂ ಕಾಣಬಹುದು. ಅವು ಗೆಲವಿನ ಗುರುತುಗಳಾಗಿ ಬಂದುವೆಂಬುದನ್ನು ಮರೆಮಾಚಬೇಕಾಗಿಲ್ಲ. ವಸಯಿಯ ಕ್ರೈಸ್ತನಿಗೆ ಅದೊಂದು ನಷ್ಟವೇ. ಆದರೆ ಯಾತ್ರಿಕರ ಕಿವಿಗೆ ಇಂದು ಅವು ಶಿವನ ಗಂಟೆಗಳು. ಕಂಚಿಗೆ ಹೊಸ ಮತವೇನೂ ಬಂದಿಲ್ಲ. ಅದರ ಸ್ವರಗಳು ಲಿಸ್ಬನ್ನಿನಿಂದ ಬಂದವನಿಗೆ ಹೇಗೋ ನಾಸಿಕದವನಿಗೂ ಹಾಗೆಯೇ. ಹೊಸದಾಗಿ ಬಂದದ್ದು ಕೇಳುವ ಜನ. ಎರಡೂವರೆ ಶತಮಾನಗಳಿಗೂ ಮೀರಿದ ಆಲಿಕೆಯಿಂದ ಆ ಜನ ಗಂಟೆಗೆ ಹೊಸದೊಂದು ಅನುರಣನವನ್ನು ಗಳಿಸಿಕೊಟ್ಟಿದ್ದಾರೆ.

ಕನ್ನಡಿಗನ ನಾಲಗೆಯ ಮೇಲೂ ಇಂಥದೊಂದು ಮರೆತ ಗಂಟೆ ತೂಗುತ್ತಿದೆ. ಕಾಲವನ್ನು ಕೇಳುವಾಗ ಅವನು ‘ಗಂಟೆ ಎಷ್ಟು?’ ಎನ್ನುತ್ತಾನೆ. ಹೈದರಾಬಾದಿನ ತೆಲುಗರಲ್ಲಿಯೂ ‘ಗಂಟ’ಕ್ಕೆ ಈ ಎರಡು ಅರ್ಥಗಳುಂಟು, ಚೆನ್ನೈಯ ತಮಿಳರ ‘ಮಣಿ’ಗೂ ಉಂಟು. ದೆಹಲಿಯವರ ‘ಘಂಟಾ’ ಗಂಟೆಯೂ ಹೌದು, ಹೊತ್ತೂ ಹೌದು. ಪುಣೆಯವರು ಎಷ್ಟು ಬಾರಿಸಿತೆಂದೇ ಹೊತ್ತನ್ನು ಕೇಳುತ್ತಾರೆ. ಇಂಗ್ಲಿಷಿನ ‘ಕ್ಲಾಕ್’ ಎಂಬ ಶಬ್ದದ ಮೂಲವೂ ಗಂಟೆಯೆಂಬ ಅರ್ಥದ ಮಧ್ಯಯುಗದ ಲ್ಯಾಟಿನ್ ಶಬ್ದವೇ. ಹೊತ್ತು ಒಬ್ಬೊಬ್ಬನ ಮಣಿಕಟ್ಟಿನ ಸ್ವತ್ತಾಗುವ ಮೊದಲು ಊರೆಲ್ಲ ಒಟ್ಟಿಗೆ ಕೇಳುತ್ತಿದ್ದ ದನಿಯಾಗಿತ್ತೆಂಬುದಕ್ಕೆ ಈ ಭಾಷೆಗಳೇ ಸಾಕ್ಷಿ. ದಿನಕ್ಕೆ ಹತ್ತು ಸಲ ಆ ಶಬ್ದವನ್ನಾಡುವವನು ಅದರಲ್ಲಿ ಕಂಚಿನ ದನಿಯನ್ನು ಕೇಳುವುದಿಲ್ಲ. ಬಳಸಿ ಬಳಸಿ ಅದು ನಾಣ್ಯವಾಗಿದೆ.

ಭಾಷೆಯ ಮಟ್ಟಿಗೂ ಇದೇ ಮಾತು ಸಲ್ಲುತ್ತದೆ. ನಾಡಿನಿಂದ ದೂರದ ನಗರವೊಂದರಲ್ಲಿ ನುಡಿಯೊಂದು ಮುಖಬೆಲೆಯಷ್ಟರಲ್ಲೇ ಬದುಕಬಲ್ಲುದು: ಅಂಗಡಿಯ ಲೆಕ್ಕ, ಮನೆಯ ಅಡುಗೆ, ಊರಿನ ಕಾಗದ. ಅದರ ತಳದ ಸ್ವರ ಏಳಬೇಕಾದರೆ ಒಟ್ಟಾಗಿ ಕಿವಿಗೊಡುವ ಒಂದು ಗುಂಪು ಬೇಕು. ಆಂಟ್ವರ್ಪಿನ ಮೂವತ್ತು ಗಂಟೆಗಳು ಡನ್‌ನನ್ನು ತಟ್ಟಲಿಲ್ಲ, ನೆರೆಯ ಒಂದು ಗಂಟೆ ತಟ್ಟಿತು. ಪ್ಯಾರಿಸಿನವರು ಕಟ್ಟಡದ ಕೆಲಸ ಮುಗಿಯುವ ಮೊದಲೇ ಗಂಟೆಗಳನ್ನು ಮೇಲೇರಿಸಿ ಬಾರಿಸಿದರು. ಕೇಳುವ ಜನ ಇನ್ನೂ ಇದ್ದಾರೆಯೇ ಎಂಬುದನ್ನು ಮೊದಲು ತಿಳಿಯಬೇಕಾಗಿತ್ತೋ ಏನೋ. ಇದ್ದರೆಂಬುದು ಆ ಬೆಳಗ್ಗೆ ಬೀದಿಯಲ್ಲಿಯೇ ತಿಳಿದುಬಂತು.